ಬ್ಯಾಟರಿಗೆ ಐದು ಸಾವಿರ, ನಿದಾನಕ್ಕೆ ಮುನ್ನೂರು



ನಿವೃತ್ತ ಮೇಷ್ಟ್ರುಗಳಿಗೆ ಎರಡು ಚಟಗಳು ಬಿಡುವುದಿಲ್ಲ. ಒಂದು, ಎದುರಿಗೆ ಸಿಕ್ಕವರಿಗೆಲ್ಲ ಪಾಠ ಹೇಳುವುದು. ಇನ್ನೊಂದು, ಕಂಡವರ ತಪ್ಪುಗಳ ಕೆಳಗೆ ಕೆಂಪು ಶಾಯಿಯ ಗೆರೆ ಎಳೆಯುವುದು. ಈ ಸಲ ಎರಡನ್ನೂ ಒಟ್ಟಿಗೆ ಮಾಡುತ್ತಿದ್ದೇನೆ. ಆದರೆ ಗೆರೆ ಬೀಳುವುದು ನನ್ನ ತಪ್ಪಿನ ಕೆಳಗೇ. ನೆಪ ನಮ್ಮ ಮನೆಯ ಹಳೆಯ ಕಾರು. ವಿಷಯ ಮಾತ್ರ ಆ ಕಾರಿನಷ್ಟು ಚಿಕ್ಕದಲ್ಲ.

ಕಳೆದ ವರ್ಷದ ಶ್ರಾವಣದಲ್ಲಿ, ಕೆಂಗೇರಿ ಉಪನಗರದಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಮರಿಮಗುವಿನ ನಾಮಕರಣ. ರಾತ್ರಿಯಿಡೀ ಜಿಟಿಜಿಟಿ ಮಳೆ ಸುರಿದು ಬೆಳಿಗ್ಗೆ ಬಿಡುವು ಕೊಟ್ಟಿತ್ತು. ನಮ್ಮ ಮನೆಯವಳು ರೇಷ್ಮೆ ಸೀರೆಯುಟ್ಟು, ಬೆಳ್ಳಿಯ ಲೋಟವನ್ನು ಚೀಲದಲ್ಲಿಟ್ಟುಕೊಂಡು ಕಾರಿನಲ್ಲಿ ಕುಳಿತಳು. ನಾನು ಕೀಲಿ ತಿರುಗಿಸಿದೆ. 'ಟಕ್' ಎಂಬ ಒಂದೇ ಸದ್ದು. ಮತ್ತೆ ತಿರುಗಿಸಿದೆ, ಮತ್ತೆ 'ಟಕ್'. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಇಂಥ ಸಂದರ್ಭಕ್ಕೆ ಸಲಹೆಗಾರರ ಕೊರತೆಯಿಲ್ಲ. ಹಾಲು ತರಲು ಹೋಗುತ್ತಿದ್ದವರು, ವಾಯುವಿಹಾರದಿಂದ ಬರುತ್ತಿದ್ದವರು, ಎದುರು ಮನೆಯ ಮಹಡಿಯಿಂದ ಇಣುಕಿದವರು, ಎಲ್ಲರೂ ಒಂದೇ ತೀರ್ಪು ಕೊಟ್ಟರು: "ಬ್ಯಾಟರಿ ಹೋಗಿದೆ ಮೇಷ್ಟ್ರೇ." ನಾವು ಆಟೋ ಹಿಡಿದು ವಿಜಯನಗರಕ್ಕೆ ಹೋಗಿ, ಅಲ್ಲಿಂದ ಮೆಟ್ರೋ ಏರಿ ಕೆಂಗೇರಿ ತಲುಪುವಷ್ಟರಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿ ಆಗಿತ್ತು.

ಮರುದಿನವೇ ಹೊಸ ಬ್ಯಾಟರಿ ಬಂತು. ಐದು ಸಾವಿರ ರೂಪಾಯಿ. ಅಂಗಡಿಯವನು ಹೇಳಿದ ಬೆಲೆಯನ್ನು ನಾನು ಮರುಮಾತಿಲ್ಲದೆ ಕೊಟ್ಟೆ. ಕಾರು ಎಂಟು ದಿನ ಚೆನ್ನಾಗಿ ನಡೆಯಿತು. ಒಂಬತ್ತನೆಯ ದಿನ ಮತ್ತೆ 'ಟಕ್'. ಬೀದಿಯ ಹುಡುಗರು ಇಳಿಜಾರಿನಲ್ಲಿ ತಳ್ಳಿದರು. ಎರಡನೆಯ ಗೇರಿನಲ್ಲಿ ಕ್ಲಚ್ ಬಿಟ್ಟೊಡನೆ ಎಂಜಿನ್ ಜೀವ ತಳೆಯಿತು. ಹಾಗೆಯೇ ಓಡಿಸಿಕೊಂಡು ಒಂದು ಗ್ಯಾರೇಜಿಗೆ ಹೋದೆ. "ಸೆಲ್ಫ್ ಮೋಟರ್ ಹೋಗಿದೆ ಸಾರ್" ಎಂದರು. ಮೋಟರನ್ನು ಬಿಚ್ಚಿ, ಒಳಗಿನ ಕಾರ್ಬನ್ ಬ್ರಷ್, ಬುಷ್ ಎಲ್ಲ ಬದಲಾಯಿಸಿ ಮತ್ತೆ ಕೂರಿಸಿದರು. ಮೂರೂವರೆ ಸಾವಿರ. ಅದನ್ನೂ ಕೊಟ್ಟೆ. ಕಾರು ಮತ್ತೆ ನಾಲ್ಕು ದಿನ ಸರಿಯಾಗಿತ್ತು. ಐದನೆಯ ದಿನ ಆ ಪರಿಚಿತ ಸದ್ದು ಕೇಳಿದಾಗ ನನಗೆ ಕೋಪಕ್ಕಿಂತ ಹೆಚ್ಚಾಗಿ ಅವಮಾನವಾಯಿತು. ಮೂವತ್ತೈದು ವರ್ಷ ಗಣಿತ ಕಲಿಸಿದವನು ನಾನು. ಉತ್ತರ ತಪ್ಪಿದಾಗ ಹಂತ ಹಂತವಾಗಿ ಹಿಂದಕ್ಕೆ ಹೋಗಿ ತಪ್ಪು ಹುಡುಕಬೇಕೆಂದು ಸಾವಿರಾರು ಮಕ್ಕಳಿಗೆ ಉಪದೇಶಿಸಿದವನು, ನನ್ನ ಕಾರಿನ ವಿಷಯದಲ್ಲಿ ಒಂದು ಹಂತವನ್ನೂ ನೋಡದೆ ಎಂಟೂವರೆ ಸಾವಿರ ಕಳೆದಿದ್ದೆ.

ಕೊನೆಗೆ ಪರಿಚಿತರೊಬ್ಬರು ಕಾಮಾಕ್ಷಿಪಾಳ್ಯದ ಒಬ್ಬ ಆಟೋ ಎಲೆಕ್ಟ್ರಿಷಿಯನ್ನರನ್ನು ಕಳುಹಿಸಿದರು. ಅರವತ್ತರ ಆಸುಪಾಸಿನ ವಯಸ್ಸು, ಹಳೆಯ ಸ್ಕೂಟರು, ಒಂದು ರೆಕ್ಸಿನ್ ಚೀಲ. ಬಂದವರು ಬೋನೆಟ್ ಎತ್ತಲೇ ಇಲ್ಲ. ಗೇಟಿಗೆ ಒರಗಿ ನಿಂತು ಪ್ರಶ್ನೆ ಕೇಳತೊಡಗಿದರು.

"ಕೀ ತಿರುಗಿಸಿದರೆ ಒಂದೇ ಸಲ ಟಕ್ ಅನ್ನುತ್ತಾ ಸಾರ್, ಇಲ್ಲ ಟಕಟಕ ಅಂತ ಬಡಕೊಳ್ಳುತ್ತಾ?"

"ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆದರೆ ಲೈಟು ಮಂಕಾಗುತ್ತಾ?"

"ತಳ್ಳಿದರೆ ಸ್ಟಾರ್ಟ್ ಆಗುತ್ತಾ?"

"ಹೊಸ ಬ್ಯಾಟರಿ ಹಾಕಿದ ಮೇಲೆ ಎಷ್ಟು ದಿವಸ ಚೆನ್ನಾಗಿತ್ತು? ಸೆಲ್ಫ್ ಬಿಚ್ಚಿ ಹಾಕಿದ ಮೇಲೆ?"

ನನಗೆ ತಾಳ್ಮೆ ತಪ್ಪಿತು. "ನೋಡಪ್ಪ, ಅದೇನು ಹೋಗಿದೆಯೋ ನೋಡಿ ಬದಲಾಯಿಸಿಬಿಡು" ಎಂದೆ. ಅವರು ನಕ್ಕು, "ಏನು ಹೋಗಿದೆ ಅಂತ ಗೊತ್ತಾಗಬೇಕಲ್ಲ ಸಾರ್" ಎಂದರು. ಆ ಮಾತು ಆಗ ನನ್ನ ಕಿವಿಗೆ ಬಿತ್ತು. ತಲೆಗೆ ಹೋಗಲು ಸ್ವಲ್ಪ ಕಾಲ ಹಿಡಿಯಿತು.

ಆ ಪ್ರಶ್ನೆಗಳ ಅರ್ಥವೇನೆಂಬುದನ್ನು ನಿಮಗೆ ಬಿಡಿಸಿ ಹೇಳಬೇಕು. ತಳ್ಳಿದರೆ ಎಂಜಿನ್ ಹತ್ತಿಕೊಳ್ಳುತ್ತದೆ ಎಂದಮೇಲೆ ಪೆಟ್ರೋಲು ಬರುತ್ತಿದೆ, ಕಿಡಿ ಹಾರುತ್ತಿದೆ, ಎಂಜಿನ್ನಿನೊಳಗೆ ದೋಷವಿಲ್ಲ. ಹಾಗಾದರೆ ರೋಗ ಎಂಜಿನ್ನನ್ನು ಮೊದಲ ಸುತ್ತು ತಿರುಗಿಸುವ ವ್ಯವಸ್ಥೆಯಲ್ಲಿದೆ. ಒಂದೇ ಪ್ರಶ್ನೆಯಿಂದ ಕಾರಿನ ಮುಕ್ಕಾಲು ಭಾಗ ಅನುಮಾನದಿಂದ ಮುಕ್ತವಾಯಿತು. ಬ್ಯಾಟರಿ ಸೊರಗಿದ್ದರೆ ಸಾಮಾನ್ಯವಾಗಿ ಟಕಟಕ ಎಂಬ ಬಡಿತ ಕೇಳುತ್ತದೆ, ಹೆಡ್‌ಲೈಟು ಮಂಕಾಗುತ್ತದೆ. ನಮ್ಮ ಕಾರಿನ ದೀಪ ಕುಂದದೆ ಉರಿಯುತ್ತಿತ್ತು. ಅಂದರೆ ಬ್ಯಾಟರಿಯಲ್ಲಿ ಶಕ್ತಿಯಿದೆ. ಅದು ಸೆಲ್ಫ್ ಮೋಟರಿಗೆ ತಲುಪುತ್ತಿಲ್ಲ. ಇನ್ನು, ಬ್ಯಾಟರಿ ಬದಲಾಯಿಸಿದಾಗಲೂ ಮೋಟರು ಬಿಚ್ಚಿದಾಗಲೂ ಕೆಲವೇ ದಿನ ಸರಿಯಾಗಿತ್ತೆಂದರೆ, ಎರಡೂ ಸಲ ಕೈ ತಾಗಿ ಅಲುಗಾಡಿದ ಯಾವುದೋ ಒಂದು ಜೋಡಣೆಯಲ್ಲಿ ದೋಷವಿರಬೇಕು. ಇಷ್ಟನ್ನೂ ಅವರು ಗೇಟಿನ ಬಳಿಯೇ ಊಹಿಸಿದ್ದರು.

ಆಮೇಲೆ ಚೀಲದಿಂದ ಮಲ್ಟಿಮೀಟರ್ ಹೊರಬಂತು. ಬ್ಯಾಟರಿ 12.6 ವೋಲ್ಟ್ ತೋರಿಸಿತು. ಸುಮಾರು 2.1 ವೋಲ್ಟಿನ ಆರು ಕೋಶಗಳು ಸೇರಿದ ಬ್ಯಾಟರಿ ತುಂಬಿದ್ದಾಗ ತೋರಿಸಬೇಕಾದ ಅಂಕಿ ಅದೇ. ಅನಂತರ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೆ, ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೆ ಹಿಡಿದು, "ಈಗ ಕೀ ತಿರುಗಿಸಿ ಸಾರ್" ಎಂದರು. ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕಾದಲ್ಲಿ ಆರು ವೋಲ್ಟು ತೋರಿಸಿತು! ಮೀಟರನ್ನು ಕೆಳಗಿಟ್ಟು ಕ್ಲಚ್ ಕೇಬಲನ್ನು ಮುಟ್ಟಿ ನೋಡಿ, "ನೀವೂ ಮುಟ್ಟಿ" ಎಂದರು. ಅದು ಬಿಸಿಯಾಗಿತ್ತು. ಎಂಜಿನ್ನಿಗೂ ಕಾರಿನ ಮೈಗೂ ನಡುವೆ ಹೆಣೆದ ತಾಮ್ರದ ಪಟ್ಟಿಯೊಂದಿರುತ್ತದೆ. ಅವರ ಭಾಷೆಯಲ್ಲಿ ಅದು 'ಅರ್ತಿಂಗ್'. ವಿದ್ಯುತ್ತು ಬ್ಯಾಟರಿಗೆ ಮರಳುವ ರಾಜಮಾರ್ಗ ಅದು. ಆ ಪಟ್ಟಿಯ ತುದಿ ತುಕ್ಕು ಹಿಡಿದು, ವಿದ್ಯುತ್ತು ಕ್ಲಚ್ ಕೇಬಲಿನ ಮೂಲಕ ನುಸುಳಲು ಹವಣಿಸುತ್ತಿತ್ತು. ಕಾರ್ಡ್ ರಸ್ತೆ ಕಟ್ಟಿಕೊಂಡಾಗ ನಮ್ಮ ಓಣಿಗಳಲ್ಲಿ ಲಾರಿಗಳು ನುಗ್ಗುವುದಿಲ್ಲವೇ, ಹಾಗೆ.

ಅನುಮಾನಕ್ಕೆ ಎಡೆಯಿರಬಾರದೆಂದು ಅವರು ಇನ್ನೊಂದು ಪರೀಕ್ಷೆ ಮಾಡಿದರು. ದಪ್ಪನೆಯ ಜಂಪರ್ ಕೇಬಲಿನ ಒಂದು ತುದಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ಕಚ್ಚಿಸಿದರು. ಕೀಲಿ ತಿರುಗಿಸಿದ ಕ್ಷಣವೇ ಎಂಜಿನ್ ಹೊರಟಿತು. ನಂತರ ಅದನ್ನು ನಿಲ್ಲಿಸಿ, ಬ್ಯಾಟರಿಯ ಋಣ ತುದಿಯನ್ನು ಮೊದಲು ಬಿಡಿಸಿ, ಅರ್ತಿಂಗ್ ಪಟ್ಟಿಯ ಬೋಲ್ಟು ಕಳಚಿ, ಮರಳು ಕಾಗದದಲ್ಲಿ ಎರಡೂ ಮೈಗಳನ್ನು ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಮಾಡಿ, ಮೇಲೆ ಗ್ರೀಸು ಸವರಿದರು. ಎಲ್ಲ ಸೇರಿ ಅರ್ಧ ಗಂಟೆ. ಯಾವ ಹೊಸ ಭಾಗವೂ ಬೇಕಾಗಲಿಲ್ಲ.

ಓಮ್‌ನ ನಿಯಮವನ್ನು ನನ್ನ ತರಗತಿಯಲ್ಲಿ ಕೇಳಿದ್ದವರು ಈಗ ಲೆಕ್ಕ ಹಾಕಬಹುದು. ಎಂಜಿನ್ನನ್ನು ತಿರುಗಿಸಲು ಸೆಲ್ಫ್ ಮೋಟರು ಸುಮಾರು 150 ಆಂಪಿಯರ್ ಎಳೆಯುತ್ತದೆಂದುಕೊಳ್ಳಿ. ಜೋಡಣೆಯ ತುಕ್ಕಿನ ರೋಧ ಬರಿಯ 0.04 ಓಮ್. ಗುಣಿಸಿದರೆ ಆರು ವೋಲ್ಟು, ಅಂದರೆ ಬ್ಯಾಟರಿಯ ಅರ್ಧ ಬಲ ಆ ತುಕ್ಕಿನಲ್ಲೇ ಕರಗಿಹೋಗುತ್ತದೆ. ಅದೇ ಜೋಡಣೆಯಲ್ಲಿ 5 ಆಂಪಿಯರಿನ ದೀಪವೊಂದನ್ನು ಉರಿಸಿದರೆ ನಷ್ಟವಾಗುವುದು 0.2 ವೋಲ್ಟು ಮಾತ್ರ. ಯಾರ ಕಣ್ಣಿಗೂ ಗೊತ್ತಾಗದು. ಹಗುರ ಕೆಲಸದಲ್ಲಿ ಸರಿಯಾಗಿಯೇ ಕಾಣುವ ದೋಷ, ಭಾರ ಬಿದ್ದಾಗ ಮಾತ್ರ ಪ್ರಕಟವಾಗುತ್ತದೆ. ಈ ವಾಕ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಕೈ ಒರೆಸಿಕೊಂಡು ಆ ಹಿರಿಯರು "ಐನೂರು ಕೊಡಿ ಸಾರ್" ಎಂದರು. ನಾನು, "ಏನಪ್ಪ, ಒಂದು ಬೋಲ್ಟು ಉಜ್ಜಿ ಬಿಗಿಮಾಡಿದ್ದಕ್ಕೆ ಐನೂರೇ? ಏನೂ ಬದಲಾಯಿಸಲಿಲ್ಲವಲ್ಲ!" ಎಂದು ಮುನ್ನೂರು ರೂಪಾಯಿ ಕೈಗಿಟ್ಟೆ. ಅವರು ವಾದಿಸಲಿಲ್ಲ. "ಆಯ್ತು ಸಾರ್" ಎಂದು ನೋಟುಗಳನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೊರಟುಹೋದರು. ಗೇಟು ಹಾಕಿ ಒಳಗೆ ಬಂದರೆ ನಮ್ಮ ಮನೆಯವಳು ಅಡಿಗೆಮನೆಯಿಂದಲೇ ಕೇಳಿದಳು: "ಅಲ್ಲಾರೀ, ಬೇಡದ ಬ್ಯಾಟರಿಗೆ ಐದು ಸಾವಿರ ಕೊಡುವಾಗ ನಿಮ್ಮ ಬಾಯಿ ಎಲ್ಲಿ ಹೋಗಿತ್ತು?"

ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ. ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ.

ವೈದ್ಯಶಾಸ್ತ್ರದಲ್ಲಿ ರೋಗದ ಕಾರಣವನ್ನು ಕಂಡುಹಿಡಿಯುವುದಕ್ಕೆ 'ನಿದಾನ' ಎನ್ನುತ್ತಾರೆ, ಅಲ್ಪಪ್ರಾಣದ ದಕಾರ. ಮಹಾಪ್ರಾಣ ಹಾಕಿ 'ನಿಧಾನ' ಎಂದರೆ ಸಾವಕಾಶ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಮಕ್ಕಳು ಒಂದರ ಬದಲು ಇನ್ನೊಂದನ್ನು ಬರೆದರೆ ನಮ್ಮ ಶಾಲೆಯ ಕನ್ನಡ ಪಂಡಿತರು ಅರ್ಧ ಅಂಕ ಕಳೆಯುತ್ತಿದ್ದರು. ಆದರೆ ಗೆಳೆಯರ ನಡುವೆ ಕುಳಿತಾಗ, "ನಿದಾನಕ್ಕೆ ನಿಧಾನ ಬೇಕು ಕಣ್ರೀ, ಆ ಮಕ್ಕಳು ತಿಳಿಯದೆಯೇ ಸತ್ಯ ಬರೆಯುತ್ತಾರೆ" ಎಂದು ನಗುತ್ತಿದ್ದರು. ನಾವು ಬಿಡಿಭಾಗಕ್ಕೆ ಹಣ ಕೊಡುತ್ತೇವೆ, ಕೂಲಿಗೆ ಗೊಣಗುತ್ತ ಕೊಡುತ್ತೇವೆ, ನಿದಾನಕ್ಕೆ ಮಾತ್ರ ಕೊಡುವುದಿಲ್ಲ. ಕೈಗೆ ಸಿಗುವ ವಸ್ತುವಿಗೆ ಬೆಲೆಯುಂಟು, ಬುದ್ಧಿ ಬಿಟ್ಟಿ ಎಂಬುದು ನಮ್ಮ ಲೆಕ್ಕ.

ಇದರ ಪರಿಣಾಮವನ್ನು ಯೋಚಿಸಿ. ಅರ್ಧ ಗಂಟೆ ಪ್ರಶ್ನೆ ಕೇಳಿ, ಅಳೆದು, ತರ್ಕಿಸಿ, ತುಕ್ಕು ಉಜ್ಜಿದವನಿಗೆ ಮುನ್ನೂರು. ಏನನ್ನೂ ಕೇಳದೆ ಬ್ಯಾಟರಿ ಬದಲಾಯಿಸಿದವನಿಗೆ ಅದರ ಲಾಭಾಂಶ. ಹೀಗಿರುವಾಗ ಒಬ್ಬ ಮೆಕ್ಯಾನಿಕ್ ತನ್ನ ಮಕ್ಕಳ ಶಾಲಾ ಶುಲ್ಕ ಕಟ್ಟಲು ಯಾವ ದಾರಿ ಹಿಡಿಯಬೇಕು? ಬಿಡಿಭಾಗ ಮಾರುವ ದಾರಿಯನ್ನೇ ತಾನೆ? "ಈಗಿನ ಮೆಕ್ಯಾನಿಕ್‌ಗಳಿಗೆ ಬಿಚ್ಚಿ ಹಾಕುವುದೊಂದೇ ಗೊತ್ತು" ಎಂದು ನಾವು ದೂರುತ್ತೇವೆ. ಅವರಿಗೆ ಹಾಗೆ ಮಾಡಲು ಕಲಿಸಿದವರು ಗಿರಾಕಿಗಳಾದ ನಾವೇ. ನನ್ನ ಕಾರಿನ ಮೋಟರು ಬಿಚ್ಚಿದವರು ಮೋಸಗಾರರೆಂದು ನಾನು ಭಾವಿಸುವುದಿಲ್ಲ. ನಾನು ಅವರಿಂದ ಕೇಳಿದ್ದೇ ಬದಲಾವಣೆಯನ್ನು. ಅವರು ಕೊಟ್ಟದ್ದೂ ಅದನ್ನೇ.

ಹಿಂದೆ ಹೀಗಿರಲಿಲ್ಲವೆಂದು ಹಳಹಳಿಸುವುದು ನನ್ನ ಉದ್ದೇಶವಲ್ಲ. ಆದರೆ ಹಿಂದೆ ನಿದಾನದ ಒಂದಿಷ್ಟು ಭಾಗ ಪ್ರತಿ ಮನೆಯಲ್ಲೂ ಇತ್ತು. 1972ರಲ್ಲಿ ಬಂದ ಬಜಾಜ್ ಚೇತಕ್ ಸ್ಕೂಟರನ್ನು ಬೆಳಿಗ್ಗೆ ಎಡಕ್ಕೆ ವಾಲಿಸಿ ಒದೆಯದ ಗೃಹಸ್ಥ ನಮ್ಮ ಬಡಾವಣೆಯಲ್ಲಿ ಅಪರೂಪ. ಹೊರಡದಿದ್ದರೆ ಮೈಕೋ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುವುದು, ಒದ್ದೆಯಾಗಿದ್ದರೆ ಪೆಟ್ರೋಲು ಹೆಚ್ಚಾಗಿದೆ, ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ, ಕಪ್ಪು ಹಿಡಿದಿದ್ದರೆ ಉಜ್ಜಬೇಕು. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಗಿ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಆ ಕಂಪನಿಯ ಪ್ಲಗ್ಗನ್ನು ಕನ್ನಡಿಯ ಮುಂದೆ ಹಲ್ಲು ನೋಡಿಕೊಂಡಷ್ಟು ಸಲೀಸಾಗಿ ನೋಡುತ್ತಿದ್ದರು. ರಾಜಾಜಿನಗರದ ನನ್ನ ವಿದ್ಯಾರ್ಥಿಗಳಲ್ಲಿ ಅನೇಕರ ತಂದೆಯರು ಸುತ್ತಮುತ್ತಲಿನ ಕಾರ್ಖಾನೆಗಳ ಕೆಲಸಗಾರರು. 1946ರಲ್ಲಿ ಆರಂಭವಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್‌ನ ಹಳೆಯ ಕಾರ್ಖಾನೆಯ ನೆಲದಲ್ಲಿ ಈಗ ಒರಾಯನ್ ಮಾಲ್ ನಿಂತಿದೆ. ಮೋಟರು ತಿರುಗುವ ಸದ್ದಿನಿಂದಲೇ ಬೇರಿಂಗ್ ಸವೆದಿದೆಯೆಂದು ಹೇಳಬಲ್ಲವರು ಆಗ ನಮ್ಮ ಪೋಷಕರ ಸಭೆಯ ಹಿಂದಿನ ಬೆಂಚುಗಳಲ್ಲಿ ಕುಳಿತಿರುತ್ತಿದ್ದರು. ಅವರ ಎದುರು ನಿಂತು ಅವರ ಮಕ್ಕಳನ್ನು 'ದಡ್ಡ' ಎನ್ನುತ್ತಿದ್ದವನು ನಾನು.

ಹೌದು, ಅದನ್ನೂ ಹೇಳಲೇಬೇಕು.

1986ರಲ್ಲಿ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬೇಡ. ಕೂಡುವ, ಕಳೆಯುವ ಲೆಕ್ಕಗಳಲ್ಲಿ ಪರವಾಗಿಲ್ಲ; ಬೀಜಗಣಿತ ಬಂದೊಡನೆ ಎಲ್ಲ ತಪ್ಪು. ನಾನು ಅವನ ಅಡಿಪಾಯವೇ ಸರಿಯಿಲ್ಲವೆಂದು ತೀರ್ಮಾನಿಸಿ, ಇಪ್ಪತ್ತರವರೆಗಿನ ಮಗ್ಗಿಯನ್ನು ಹತ್ತು ಸಲ ಬರೆಸಿದೆ. ಅದರಿಂದ ಫಲವಾಗಲಿಲ್ಲ. ಅವನ ತಂದೆಯನ್ನು ಕರೆಸಿ ಟ್ಯೂಶನ್ನಿಗೆ ಹಾಕಲು ಹೇಳಿದೆ. ಆತ ಓವರ್‌ಟೈಮ್ ದುಡಿದು ಹಣ ಕಟ್ಟಿದರು. ಅದರಿಂದಲೂ ಫಲವಾಗಲಿಲ್ಲ. ಒಂಬತ್ತನೆಯ ತರಗತಿಗೆ ಬರುವ ಹೊತ್ತಿಗೆ 'ನನಗೆ ಲೆಕ್ಕ ಬರುವುದಿಲ್ಲ' ಎಂಬುದನ್ನು ಆ ಹುಡುಗ ತನ್ನ ಊರಿನ ಹೆಸರು ಹೇಳಿದಷ್ಟೇ ನಿಶ್ಚಯವಾಗಿ ಹೇಳುತ್ತಿದ್ದ.

ಒಂದು ದಿನ ನಾನು ರಜೆಯಲ್ಲಿದ್ದಾಗ ನನ್ನ ತರಗತಿಗೆ ಕನ್ನಡ ಪಂಡಿತರು ಹೋದರು. ಮಕ್ಕಳು ಲೆಕ್ಕ ಮಾಡುತ್ತಿದ್ದರು. ಪಂಡಿತರಿಗೆ ಗಣಿತ ಅಷ್ಟಕ್ಕಷ್ಟೆ. ಹಾಗಾಗಿ ಅವರು ತಮಗೆ ತಿಳಿದದ್ದನ್ನು ಮಾಡಿದರು. ಪದ್ಯವನ್ನು ಓದಿಸುವಂತೆ ಆ ಹುಡುಗನಿಂದ ಲೆಕ್ಕವನ್ನು ಗಟ್ಟಿಯಾಗಿ ಓದಿಸಿ, "ಈಗ ಅನ್ವಯ ಮಾಡು" ಎಂದರು. ಲೆಕ್ಕದಲ್ಲಿದ್ದುದು 12 − (5 − 2). ಹುಡುಗ ಓದಿದ: "ಹನ್ನೆರಡರಲ್ಲಿ ಐದು ಕಳೆ, ಆಮೇಲೆ ಎರಡು ಕಳೆ. ಉತ್ತರ ಐದು." ಪಂಡಿತರಿಗೆ ತಟ್ಟನೆ ಹೊಳೆಯಿತು. ಆವರಣದ ಹೊರಗಿರುವ ಋಣ ಚಿಹ್ನೆ ಒಳಗಿನ ಇಡೀ ಮಾತಿಗೆ ಅನ್ವಯಿಸುತ್ತದೆಂಬುದು ಅವನಿಗೆ ತಿಳಿದಿರಲೇ ಇಲ್ಲ. "ನಿಮ್ಮಪ್ಪನ ಹತ್ತಿರ ಹನ್ನೆರಡು ರೂಪಾಯಿ ಇತ್ತು. ಅಂಗಡಿಯವನಿಗೆ ಐದು ಕೊಟ್ಟರು. ಅವನು ಎರಡು ರೂಪಾಯಿ ಚಿಲ್ಲರೆ ವಾಪಸು ಕೊಟ್ಟ. ಈಗ ಎಷ್ಟಿದೆ?" ಹುಡುಗ ಕ್ಷಣವೂ ತಡೆಯದೆ "ಒಂಬತ್ತು" ಎಂದ. ಎಂದವನೇ ತನ್ನ ಪುಸ್ತಕ ನೋಡಿದ. ಆಮೇಲೆ ಬಹಳ ಹೊತ್ತು ತಲೆಯೆತ್ತಲಿಲ್ಲವಂತೆ.

ಮಗ್ಗಿ ಸರಿಯಿತ್ತು, ಬುದ್ಧಿ ಸರಿಯಿತ್ತು. ಕೆಟ್ಟದ್ದು ಒಂದು ಜೋಡಣೆ. ಹಗುರವಾದ ಲೆಕ್ಕಗಳಲ್ಲಿ ಅದು ಕಾಣುತ್ತಿರಲಿಲ್ಲ. ಬೀಜಗಣಿತದ ಭಾರ ಬಿದ್ದಾಗ ಎಲ್ಲವೂ ನಿಂತುಹೋಗುತ್ತಿತ್ತು. ನಾನು ಒಂದು ವರ್ಷ ಬ್ಯಾಟರಿಯನ್ನೂ ಮೋಟರನ್ನೂ ಬದಲಾಯಿಸುತ್ತಿದ್ದೆ. ಹತ್ತು ನಿಮಿಷ ಕುಳಿತು ಅವನು ಹೇಗೆ ಯೋಚಿಸುತ್ತಾನೆಂದು ಕೇಳಲಿಲ್ಲ. ಏಕೆ ಕೇಳಲಿಲ್ಲ? ನನಗೂ ಲೆಕ್ಕ ಒಪ್ಪಿಸಬೇಕಾಗಿದ್ದದ್ದು ಪೋರ್ಷನ್ ಎಷ್ಟು ಮುಗಿಯಿತೆಂಬುದರ ಬಗ್ಗೆ. ಯಾವ ಮಗು ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕಿದ್ದಕ್ಕೆ ಯಾವ ರಿಜಿಸ್ಟರಿನಲ್ಲೂ ಕಾಲಮ್ಮಿರಲಿಲ್ಲ. ಪಂಡಿತರ ಆ ಹತ್ತು ನಿಮಿಷ ಎಲ್ಲೂ ದಾಖಲಾಗಲಿಲ್ಲ. ಇದು ನನ್ನ ತಪ್ಪಿಗೆ ವಿವರಣೆ, ಕ್ಷಮೆಯಲ್ಲ. ಪಂಡಿತರಿಗೂ ಅದೇ ರಿಜಿಸ್ಟರು, ಅದೇ ಸಂಬಳ ಇತ್ತಲ್ಲ.

ಇದಕ್ಕೆ ಕೆಲವರು ಆಕ್ಷೇಪ ಎತ್ತುವುದನ್ನು ಕೇಳಿದ್ದೇನೆ. ನಮ್ಮ ಮನೆಯಲ್ಲೇ ಮಗ, "ಅಪ್ಪಾ, ಹುಡುಕಿಯೂ ಸಿಗದಿದ್ದರೆ ದುಡ್ಡು ಯಾಕೆ ಕೊಡಬೇಕು?" ಎಂದ. ನ್ಯಾಯವಾದ ಪ್ರಶ್ನೆಯೇ. ಆದರೆ ವೈದ್ಯರ ಬಳಿಗೆ ಹೋದಾಗ ರೋಗ ಗೊತ್ತಾದರೂ ಆಗದಿದ್ದರೂ ಸಮಾಲೋಚನೆಯ ಶುಲ್ಕವನ್ನು ಮೊದಲೇ ಕಟ್ಟಿ ರಸೀದಿ ಹಿಡಿದು ಕೂರುತ್ತೇವೆ. ವಕೀಲರಿಗೆ ಕೊಡುತ್ತೇವೆ, ಲೆಕ್ಕಪರಿಶೋಧಕರಿಗೆ ಕೊಡುತ್ತೇವೆ. ಕೈಗೆ ಗ್ರೀಸು ಮೆತ್ತಿಕೊಂಡವನಿಗೆ ಮಾತ್ರ ಏಕೆ ಬೇರೆ ನ್ಯಾಯ? ಕೈಯಿಂದ ದುಡಿಯುವವನಿಗೆ ತಲೆಯೂ ಇರುತ್ತದೆ, ಅದಕ್ಕೂ ಬೆಲೆಯಿದೆ ಎಂದು ಒಪ್ಪಿಕೊಳ್ಳಲು ನಮ್ಮ ಸಮಾಜಕ್ಕೆ ಇನ್ನೂ ಮನಸ್ಸಿಲ್ಲ. ನನ್ನ ಬಾಯಿಂದ ಬಂದ 'ಏನೂ ಬದಲಾಯಿಸಲಿಲ್ಲವಲ್ಲ' ಎಂಬ ಮಾತಿನ ಬೇರು ಅಲ್ಲಿದೆ. ಅದು ಜಿಪುಣತನಕ್ಕಿಂತ ಆಳವಾದ ದೋಷ.

ಇನ್ನೊಬ್ಬರು, "ಈಗ ಸ್ಕ್ಯಾನರ್ ಇದೆಯಲ್ಲ ಸಾರ್, ಸಿಕ್ಕಿಸಿದರೆ ಅದೇ ಹೇಳಿಬಿಡುತ್ತದೆ" ಎಂದರು. ಸ್ಕ್ಯಾನರು ಒಳ್ಳೆಯ ಸಾಧನವೇ. ಆದರೆ ಅದು ಹೇಳುವುದು ಯಾವ ಮಂಡಲದಲ್ಲಿ ಅಸಹಜತೆ ಕಂಡಿತೆಂಬುದನ್ನು. ಅದಕ್ಕೆ ಕಾರಣ ಆ ಭಾಗವೋ, ಅದಕ್ಕೆ ಹೋಗುವ ತಂತಿಯೋ, ಸಡಿಲ ಜೋಡಣೆಯೋ ಎಂದು ಮನುಷ್ಯನೇ ಹುಡುಕಬೇಕು. ಅಂಕಪಟ್ಟಿಯೂ ಹಾಗೆಯೇ. 'ಗಣಿತ 22' ಎಂದು ಅದು ತಿಳಿಸುತ್ತದೆ. ಋಣ ಚಿಹ್ನೆಯ ವಿಷಯ ಅದಕ್ಕೆ ಗೊತ್ತಿಲ್ಲ. 2001ರಲ್ಲಿ ನಮ್ಮ ಬೆಂಗಳೂರಿನಿಂದಲೇ ರೇವಾ ಎಂಬ ವಿದ್ಯುತ್ ಕಾರು ರಸ್ತೆಗಿಳಿಯಿತು; ಈಗ ಎಲ್ಲೆಲ್ಲೂ ಅಂಥ ಕಾರುಗಳು ಓಡಾಡುತ್ತಿವೆ. ಅವುಗಳಿಗೆ ಸೆಲ್ಫ್ ಮೋಟರೇ ಇಲ್ಲ. ಆದರೂ ದೊಡ್ಡ ಬ್ಯಾಟರಿಯ ಜೊತೆಗೆ 12 ವೋಲ್ಟಿನ ಪುಟ್ಟ ಬ್ಯಾಟರಿಯೊಂದು ಸಾಮಾನ್ಯವಾಗಿ ಇರುತ್ತದೆ. ಅದು ಬರಿದಾದರೆ ದೊಡ್ಡದು ತುಂಬಿದ್ದರೂ ಕಾರು ಎಚ್ಚರಗೊಳ್ಳುವುದಿಲ್ಲ. ಯಂತ್ರಗಳು ಬದಲಾಗುತ್ತವೆ, ನಿದಾನದ ಅಗತ್ಯ ಬದಲಾಗದು.

ಹಾಗಾದರೆ ನಾವೇನು ಮಾಡಬೇಕು? ನನ್ನ ಸಲಹೆ ಸರಳವಾದದ್ದು. ಕಾರು ಹೊರಡದಿದ್ದಾಗ ಫೋನು ಎತ್ತುವ ಮೊದಲು ಐದು ನಿಮಿಷ ಗಮನಿಸಿ. ಎಂಜಿನ್ ತಿರುಗುತ್ತಿದೆಯೇ, ಇಲ್ಲವೇ? ಇದು ಮೊದಲ ಪ್ರಶ್ನೆ. ಚುರುಕಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಬ್ಯಾಟರಿಯ ಗೊಡವೆ ಬೇಡ. ಇಂಧನ ಅಥವಾ ಕಿಡಿಯ ಕಡೆ ನೋಡಬೇಕು. ತಿರುಗದಿದ್ದರೆ ಸದ್ದು ಒಂದೋ ಹಲವೋ, ದೀಪ ಮಂಕಾಗುತ್ತದೆಯೋ ಇಲ್ಲವೋ, ಬ್ಯಾಟರಿಯ ತುದಿಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕೂಡಿದೆಯೋ ನೋಡಿ. ಬ್ಯಾಟರಿಯ ಬಳಿ ಬೆಂಕಿಕಡ್ಡಿ ಗೀರಬೇಡಿ. ಅದು ಹೈಡ್ರೋಜನ್ ಅನಿಲ ಬಿಡುತ್ತದೆ. 2021ರ ಆಗಸ್ಟ್‌ನಲ್ಲಿ ಮೆಟ್ರೋ ಕೆಂಗೇರಿಗೆ ಬಂದಮೇಲೆ ನಮ್ಮಂಥವರ ಕಾರುಗಳು ಮನೆಯ ಮುಂದೆ ಸುಮ್ಮನೆ ನಿಲ್ಲುವುದೇ ಹೆಚ್ಚು. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸಿ. ಕಂಡದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಡಿ. ಬಂದವರಿಗೆ "ಬ್ಯಾಟರಿ ಹೋಗಿದೆ" ಎಂದು ತೀರ್ಪು ಹೇಳಬೇಡಿ. ಕಂಡ ಲಕ್ಷಣಗಳನ್ನು ಹೇಳಿ. ಕೊನೆಯದಾಗಿ, ಮುಖ್ಯವಾಗಿ, ಮೊದಲೇ ಒಂದು ಮಾತು ಹೇಳಿ: "ಏನು ತೊಂದರೆ ಎಂದು ಹುಡುಕಿ ಹೇಳಿದ್ದಕ್ಕೆ ಇಷ್ಟು ಕೊಡುತ್ತೇನೆ, ಏನನ್ನೂ ಬದಲಾಯಿಸದಿದ್ದರೂ ಕೊಡುತ್ತೇನೆ." ಈ ಒಂದು ಮಾತು ಎದುರಿನ ಮನುಷ್ಯನ ಕೆಲಸದ ರೀತಿಯನ್ನೇ ಬದಲಾಯಿಸಬಲ್ಲದೆಂದು ನನ್ನ ನಂಬಿಕೆ.

ನಿಮ್ಮಲ್ಲಿ ಅನೇಕರು ಈಗ ಮೇಷ್ಟ್ರುಗಳಾಗಿದ್ದೀರಿ, ಹಲವರು ತಂದೆತಾಯಿಗಳಾಗಿದ್ದೀರಿ. ಮಗುವಿನ ಅಂಕ ಕುಸಿದಾಗ ಹೊಸ ಟ್ಯೂಶನ್ನು, ಹೊಸ ಶಾಲೆ ಎಂದು ಬದಲಾಯಿಸುವ ಮೊದಲು ಒಂದೇ ಒಂದು ಲೆಕ್ಕವನ್ನು ಗಟ್ಟಿಯಾಗಿ ಮಾಡಿಸಿ, ಸುಮ್ಮನೆ ಕುಳಿತು ಕೇಳಿ.

ಹದಿನೈದು ದಿನ ಮನಸ್ಸಿನಲ್ಲಿ ಹೊಯ್ದಾಡಿ, ಒಂದು ಸಂಜೆ ನಾನು ಕಾಮಾಕ್ಷಿಪಾಳ್ಯಕ್ಕೆ ಹೋಗಿ ಆ ಅಂಗಡಿ ಹುಡುಕಿದೆ. ಅವರು ಒಂದು ಟೆಂಪೋದ ಕೆಳಗೆ ಮಲಗಿದ್ದರು. ಹೊರಬಂದು ನನ್ನನ್ನು ನೋಡಿದವರೇ ಕೇಳಿದ ಮೊದಲ ಮಾತು: "ಗಾಡಿ ಸ್ಟಾರ್ಟ್ ಆಗ್ತಿದೆಯಾ ಸಾರ್?" ಆಗುತ್ತಿದೆ ಎಂದು ಇನ್ನೂರು ರೂಪಾಯಿ ಮುಂದೆ ಚಾಚಿದೆ. "ಇದೇನು?" ಎಂದರು. "ಬೋಲ್ಟು ಬಿಗಿಮಾಡಿದ್ದಕ್ಕೆ ಅವತ್ತೇ ಕೊಟ್ಟೆ. ಇದು ಹುಡುಕಿದ್ದಕ್ಕೆ" ಎಂದೆ. ಅವರು ಸ್ವಲ್ಪ ಹೊತ್ತು ನೋಡಿ, ಬೇಡವೆನ್ನದೆ ತೆಗೆದುಕೊಂಡರು. ಅವರು ಬೇಡವೆಂದಿದ್ದರೆ ನನಗೆ ಇನ್ನಷ್ಟು ಕಷ್ಟವಾಗುತ್ತಿತ್ತು.

ಆ ಸಾಲ ತೀರಿಸುವುದು ಸುಲಭವಾಗಿತ್ತು. ಇನ್ನೊಂದು ಬಾಕಿಯಿದೆ. ಎಂಟನೆಯ ತರಗತಿಯ ಆ ಹುಡುಗ ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ತೇರ್ಗಡೆಯಾದ; ಆದರೆ ಲೆಕ್ಕದ ಭಯ ಹೋಗಿರಲಿಲ್ಲ, ವಿಜ್ಞಾನ ತೆಗೆದುಕೊಳ್ಳುವ ಆಸೆಯನ್ನು ಬಿಟ್ಟುಬಿಟ್ಟ. ಈಗ ಐವತ್ತು ದಾಟಿರಬೇಕು. ಅಪ್ಪಾ, ನೀನು ಇದನ್ನು ಓದುತ್ತಿದ್ದರೆ, ನಿನ್ನ ಹೆಸರನ್ನು ನಾನು ಮರೆತಿಲ್ಲ. ಆ ವರ್ಷ ಕೆಟ್ಟಿದ್ದದ್ದು ನಿನ್ನ ಬುದ್ಧಿಯಲ್ಲ, ನನ್ನ ನಿದಾನ. ಎಂದಾದರೂ ಈ ಕಡೆ ಬಂದರೆ ಮನೆಗೆ ಬಾ. ಕಾರು ಈಗ ಒಂದೇ ಸಲಕ್ಕೆ ಹೊರಡುತ್ತದೆ. ಬಸ್ ನಿಲ್ದಾಣದವರೆಗೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.